ಕೀಲುಗಳಲ್ಲಿ ಅಂತಃಕಲಹ

ನಮ್ಮ ಹಿರೇಬೆಂಡಿಗೇರಿಯ ಕಡೆ ಬೆಳಗಾಯಿತೆಂದರೆ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಮೂವತ್ತೈದರ ಹೆಣ್ಣುಮಗಳೊಬ್ಬಳು “ಕೈ ಬಿಗಿ ಹಿಡದಾವ, ಬಿಸಲು ಏರೂತನಕಾ ಮುಷ್ಟಿ ಮಾಡಾಕ ಬರೂದಿಲ್ಲ” ಎಂದರೆ, ಮನೆಯವರು “ವಾಯು ಹಿಡದೈತಿ, ಎಣ್ಣಿ ತಿಕ್ಕು” ಎಂದು ಸುಮ್ಮನಾಗುವುದುಂಟು. ಆದರೆ ರೋಗನಿದಾನದ ಅರ್ಧಭಾಗ ಆಕೆಯ ಆ ಒಂದು ಮಾತಿನಲ್ಲಿಯೇ ಅಡಗಿದೆ.

ಮುಪ್ಪಿನಲ್ಲಿ ಸವೆದ ಮೊಣಕಾಲು ನಡೆದಷ್ಟೂ ನೋಯುತ್ತದೆ, ಕುಳಿತರೆ ಶಮನವಾಗುತ್ತದೆ. ರುಮಟಾಯ್ಡ್ ಸಂಧಿವಾತದ ರೀತಿ ಇದಕ್ಕೆ ವಿರುದ್ಧ. ರಾತ್ರಿಯ ವಿಶ್ರಾಂತಿಯ ನಂತರವೇ ಕೀಲುಗಳು ಸೆಟೆದುಕೊಂಡಿರುತ್ತವೆ; ಕೆಲಸ ಮಾಡಿದಂತೆ ಸಡಿಲಾಗುತ್ತವೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಪಡೆ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆಯೇ ಬೀಳುವುದು ಇದರ ಮೂಲ. ಪೊರೆ ಊದಿ, ಕಾಲಕ್ರಮದಲ್ಲಿ ಎಲುಬನ್ನೇ ಕೊರೆಯುತ್ತದೆ. ಹೀಗೆ ಕೊರೆದುಹೋದ ಎಲುಬು ಯಾವ ಔಷಧಿಗೂ ಹಿಂದಿರುಗಲಾರದು. ಆದುದರಿಂದಲೇ ಮೊದಲಿನ ಕೆಲವು ತಿಂಗಳುಗಳಿಗೆ ಅಷ್ಟು ಬೆಲೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಎರಡೂ ಕೈಗಳ ಬೆರಳ ಬುಡದ ಹಾಗೂ ನಡುವಿನ ಗೆಣ್ಣುಗಳು, ಮಣಿಕಟ್ಟು ಬಾತುಕೊಂಡು, ತುದಿಯ ಗೆಣ್ಣುಗಳು ಸಾಮಾನ್ಯವಾಗಿ ಉಳಿದುಕೊಂಡಿರುವುದು ಈ ರೋಗದ ಲಕ್ಷಣ. ಬಾವು 6 ವಾರ ಮೀರಿತೆ ಎಂಬುದನ್ನು ವೈದ್ಯರು ಮುಖ್ಯವಾಗಿ ವಿಚಾರಿಸುತ್ತಾರೆ. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕವನ್ನು ವ್ಯಾಪಿಸಿದಾಗ ಲಕ್ಷಾಂತರ ಜನರ ಕೈಕಾಲುಗಳು ಹೀಗೆಯೇ ಹಿಡಿದುಕೊಂಡಿದ್ದವು. ಹಲವರಲ್ಲಿ ವಾರಗಳೊಳಗೆ ಇಳಿದರೆ, ಕೆಲವರಲ್ಲಿ ತಿಂಗಳುಗಟ್ಟಲೆ ನಿಂತು ಸಂಧಿವಾತವೇ ಎಂಬ ಭ್ರಮೆ ಹುಟ್ಟಿಸಿತು. ರಕ್ತಪರೀಕ್ಷೆಯೂ ಬ್ರಹ್ಮವಾಕ್ಯವಲ್ಲ. ರುಮಟಾಯ್ಡ್ ಫ್ಯಾಕ್ಟರ್ ಎಂಬ ಅಂಶ ಕ್ಷಯ, ಕುಷ್ಠ ರೋಗಿಗಳಲ್ಲಿಯೂ, ಕೆಲವು ಆರೋಗ್ಯವಂತರಲ್ಲಿಯೂ ಕಾಣುತ್ತದೆ. ಆ್ಯಂಟಿ-ಸಿಸಿಪಿ ಪರೀಕ್ಷೆ ಅದಕ್ಕಿಂತ ನಂಬಲರ್ಹ. ಆದರೂ ಎರಡೂ ಇಲ್ಲದ ರೋಗಿಗಳುಂಟು. ಕೀಲುನೋವಿನೊಡನೆ ಕೆನ್ನೆಯ ಮೇಲೆ ಕೆಂಪು, ಬಾಯಿಹುಣ್ಣು, ಕೂದಲು ಉದುರುವುದು ಕಂಡರೆ ಲೂಪಸ್ ಎಂಬ ಇನ್ನೊಂದು ರೋಗವನ್ನು ಶಂಕಿಸಿ ಮೂತ್ರವನ್ನೂ ಪರೀಕ್ಷಿಸಬೇಕು, ಏಕೆಂದರೆ ಅದು ಮೂತ್ರಪಿಂಡಕ್ಕೆ ಕೈಹಾಕುತ್ತದೆ.

ಇನ್ನು ಚಿಕಿತ್ಸೆ. 1948ರಲ್ಲಿ ಅಮೆರಿಕೆಯ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕಾರ್ಟಿಸೋನನ್ನು ಪ್ರಯೋಗಿಸಿದಾಗ, ಹಾಸಿಗೆ ಹಿಡಿದಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಬಹುಕಾಲ ಸೇವಿಸಿದವರ ಮುಖ ಊದಿ, ಎಲುಬು ಟೊಳ್ಳಾಗಿ, ಸಕ್ಕರೆ ಏರಿತು. ಹೆಸರು ಹೇಳದೆ ಮಾರುವ ಪುಡಿಗಳಿಂದ ಮರುದಿನವೇ ನೋವು ಮಾಯವಾದರೆ, ಈ ಜಾತಿಯ ಔಷಧಿ ಅದರಲ್ಲಿ ಬೆರೆತಿರಬಹುದೆಂದು ಶಂಕಿಸುವುದು ಜಾಣತನ. ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆ ಬೇಕು.

ಇಂದಿನ ಮುಖ್ಯ ಆಧಾರ ಮೆಥೋಟ್ರೆಕ್ಸೇಟ್. ಇದು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುಂದಾಳಾಗಿದ್ದ ಲೆಡರ್ಲೆ ಪ್ರಯೋಗಾಲಯದ ಕೊಡುಗೆಯೆಂಬುದು ನಮಗೆ ಅಭಿಮಾನದ ಸಂಗತಿ. ಗುಣ ಕಾಣಲು ಒಂದೆರಡು ತಿಂಗಳು ಬೇಕು. ಅಷ್ಟರೊಳಗೆ ಬೇಸತ್ತು ಬಿಡುವವರೇ ಹೆಚ್ಚೆಂದು ನನಗೆ ತೋರುತ್ತದೆ. ಗರ್ಭಿಣಿಯರಿಗೆ ಇದು ನಿಷಿದ್ಧ. ಆಗಾಗ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಆಗಬೇಕು. ಜೊತೆಗೆ ಫೋಲಿಕ್ ಆಮ್ಲದ ಗುಳಿಗೆಯನ್ನೂ ಕೊಡುತ್ತಾರೆ. ಎಲ್ಲಕ್ಕೂ ಮಿಗಿಲಾಗಿ, ಸಂಧಿವಾತಕ್ಕೆ ಇದನ್ನು ಸೇವಿಸುವುದು ವಾರಕ್ಕೆ ಒಂದೇ ದಿನ. ದಿನಾಲೂ ನುಂಗಿ ಪ್ರಾಣಕ್ಕೆರವಾದ ಪ್ರಸಂಗಗಳುಂಟು. ಚೀಟಿಯ ಮೇಲೆ ವಾರದ ಹೆಸರನ್ನೇ ಬರೆಯಿಸಿಕೊಳ್ಳಬೇಕು. ಸಂತೆಯ ದಿನವನ್ನೇ ಗೊತ್ತುಮಾಡಿಕೊಂಡರೆ ಓದು ಬಾರದವರೂ ಮರೆಯಲಾರರು.