ಒಂದಕ್ಕೆ ಹಸಿವು ಆಗದು, ಇನ್ನೊಂದಕ್ಕೆ ಹೊಟ್ಟೆ ಬಿರಿಯುವ ಊಟ ಆಗದು

ನಮ್ಮ ಮನೆಯಲ್ಲಿ ಈಗ ನಾಲ್ಕು ಬ್ಯಾಟರಿಗಳಿವೆ. ಇನ್ವರ್ಟರಿನದ್ದು, ಹಂದಿ ಬಾರದ ಹಾಗೆ ಹಾಕಿದ ಸೋಲಾರ್ ಬೇಲಿಯದ್ದು, ಬೆನ್ನಿಗೆ ಹಾಕುವ ಸ್ಪ್ರೇಯರಿನದ್ದು, ಮತ್ತೆ ಮಗನ ಕರೆಂಟ್ ಸ್ಕೂಟರಿನದ್ದು. ಹಿಂದೆ ಹಟ್ಟಿಯಲ್ಲಿ ಒಂದು ಜೋಡಿ ಕೋಣ ಇತ್ತು. ಅದರ ಆರೈಕೆಯನ್ನು ಅಪ್ಪಯ್ಯ ಕಲಿಸಿದ್ದರು. ಬ್ಯಾಟರಿಯ ಆರೈಕೆ ಕಲಿಸಿದವರು ಯಾರೂ ಇಲ್ಲ. ಕಳೆದುಕೊಂಡೇ ಕಲಿತದ್ದು.

ನನ್ನದು ಬೆಟ್ಟು ಗದ್ದೆ. ಮಳೆ ನಂಬಿ ಒಂದು ಭತ್ತ, ಆಮೇಲೆ ಉದ್ದು, ಸ್ವಲ್ಪ ನೆಲಗಡಲೆ. ಒಂದು ವರ್ಷ ಉದ್ದಿಗೆ ಮದ್ದು ಹೊಡೆದ ಮೇಲೆ ಸ್ಪ್ರೇಯರನ್ನು ಹಾಗೇ ಅಟ್ಟಕ್ಕೆ ಏರಿಸಿದೆ. ಚಾರ್ಜ್ ಮುಗಿದಿತ್ತು. ಮಳೆಗಾಲದಲ್ಲಿ ಇಳಿಸಿ ನೋಡಿದರೆ ಬ್ಯಾಟರಿ ಸತ್ತಿತ್ತು. ರಿಪೇರಿಯವರು, "ನೀವೇ ಉಪವಾಸ ಹಾಕಿ ಕೊಂದದ್ದ್ ಮಾರ್ರೆ" ಎಂದರು. ಅಂದಿನಿಂದ ಬ್ಯಾಟರಿ ಎಂದರೆ ಯಾವಾಗಲೂ ತುಂಬಿರಬೇಕು ಎಂದು ತಲೆಯಲ್ಲಿ ಕೂತಿತು.

ಆ ಬುದ್ಧಿಯನ್ನೇ ಸ್ಕೂಟರಿಗೂ ಬಳಸಿದೆ. ಮಗ ಕೆಲಸಕ್ಕೆಂದು ಬೇಸಿಗೆ ಪೂರ್ತಿ ಊರಲ್ಲಿರಲಿಲ್ಲ. ತಗಡಿನ ಮಾಡಿನ ಕೆಳಗೆ ಸ್ಕೂಟರ್ ನಿಂತಿತ್ತು. ವಾರಕ್ಕೊಮ್ಮೆ ನೂರಕ್ಕೆ ನೂರು ತುಂಬಿಸುತ್ತಿದ್ದೆ. ಮಗ ಬಂದು ಓಡಿಸಿದಾಗ, ಮೊದಲು 80 ಕಿ.ಮೀ. ಹೋಗುತ್ತಿದ್ದದ್ದು 70ಕ್ಕೇ ಸುಸ್ತಾಗುತ್ತಿತ್ತು. ಹೊಸ ಬ್ಯಾಟರಿಗೆ ಸ್ಕೂಟರಿನ ಬೆಲೆಯ ಅರ್ಧದ ಹತ್ತಿರ ಬೇಕಂತೆ. ಸ್ಕೂಟರಿನ ಸಾಲದ ಕಂತೇ ಇನ್ನೂ ಮುಗಿದಿರಲಿಲ್ಲ.

ಅದೇ ಹೊತ್ತಿಗೆ ಬೆಂಗಳೂರಲ್ಲಿ ಹೋಟೆಲ್ ಮಾಡಿಕೊಂಡಿರುವ ಅಕ್ಕನ ಮಗ ನಾಗೋಡಿ ಘಾಟಿ ಇಳಿದು, ಕೊಲ್ಲೂರಿಗೆ ಹೋಗಿ, ನಮ್ಮಲ್ಲಿಗೆ ಬಂದ. ಅವನದ್ದು ಪೆಟ್ರೋಲೂ ಕುಡಿಯುವ, ಪ್ಲಗ್ಗೂ ಹಾಕುವ ಕಾರು. "ಮಾವ, ನೀವ್ ಆಸಿಡ್ ಬ್ಯಾಟ್ರಿಯ ಮದ್ದನ್ನ್ ಲಿಥಿಯಂ ಬ್ಯಾಟ್ರಿಗೆ ಕೊಟ್ಟಿದ್ರಿ" ಎಂದ. ಎರಡು ದಿನ ಅವನ ತಲೆ ತಿಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪ್ಲಗ್ ಹಾಕುವ ಹೈಬ್ರಿಡ್ ಎಂದರೇನು?

ಇಂತಹ ಕಾರಿನಲ್ಲಿ ಪೆಟ್ರೋಲ್ ಇಂಜಿನ್ನೂ ಇದೆ, ಕರೆಂಟ್ ಮೋಟಾರೂ ಇದೆ. ಮನೆಯಲ್ಲಿ ಚಾರ್ಜ್ ಮಾಡಿದರೆ ಮೊದಲ ಮೂವತ್ತು, ನಲವತ್ತು ಕಿ.ಮೀ. ಬರೇ ಕರೆಂಟಿನಲ್ಲಿ ಹೋಗುತ್ತದೆ. ಬೈಂದೂರಿನಿಂದ ಕೊಲ್ಲೂರಿಗೆ ಸುಮಾರು 28 ಕಿ.ಮೀ. ಅಷ್ಟಕ್ಕೆ ಪೆಟ್ರೋಲ್ ಬೇಡ. ಚಾರ್ಜ್ ಮುಗಿದ ಮೇಲೆ ಇಂಜಿನ್ ಏಳುತ್ತದೆ. ಚೀನಾದ ಬಿವೈಡಿ ಕಂಪನಿ 2008ರಲ್ಲಿ, ಅಮೆರಿಕದ ಶೆವರ್ಲೆ 2010ರಲ್ಲಿ ಇಂಥ ಕಾರು ಮಾರಲು ಶುರು ಮಾಡಿದವು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಬರುವ ಹೈಬ್ರಿಡ್ ಕಾರುಗಳು ಬೇರೆ. ಅವಕ್ಕೆ ಪ್ಲಗ್ ಇಲ್ಲ, ಓಡುವಾಗಲೇ ತಮ್ಮ ಚಿಕ್ಕ ಬ್ಯಾಟರಿಯನ್ನು ತುಂಬಿಸಿಕೊಳ್ಳುತ್ತವೆ.

ಚಿಕ್ಕ ಬ್ಯಾಟರಿಗೆ ದುಡಿಮೆ ಹೆಚ್ಚು

ಒಮ್ಮೆ ಪೂರ್ತಿ ತುಂಬಿ ಖಾಲಿಯಾದರೆ ಒಂದು ಸುತ್ತು ಎಂದು ಲೆಕ್ಕ. ಬ್ಯಾಟರಿಗೆ ಇಂತಿಷ್ಟು ಸುತ್ತು ಎಂದು ಆಯುಸ್ಸು. ಪೂರ್ತಿ ಕರೆಂಟಿನ ದೊಡ್ಡ ಕಾರು ಒಂದು ಚಾರ್ಜಿಗೆ 280 ಕಿ.ಮೀ. ಹೋಗುತ್ತದೆ ಎನ್ನಿ. ದಿನಕ್ಕೆ 40 ಕಿ.ಮೀ. ಓಡಿಸಿದರೆ ವಾರಕ್ಕೆ ಒಂದು ಸುತ್ತು, ವರ್ಷಕ್ಕೆ 52. ಹೈಬ್ರಿಡ್ಡಿನ ಚಿಕ್ಕ ಬ್ಯಾಟರಿ ಅದೇ 40 ಕಿ.ಮೀ.ಗೆ ದಿನವೂ ಒಂದು ಸುತ್ತು, ವರ್ಷಕ್ಕೆ 365. ಒಂದೇ ಜೋಡಿ ಕೋಣದಲ್ಲಿ ಊರಿನ ಗದ್ದೆಯನ್ನೆಲ್ಲ ಉಳಿಸಿದ ಹಾಗೆ!

ಹಾಗಾದರೆ ಎರಡೇ ವರ್ಷದಲ್ಲಿ ಯಾಕೆ ಸಾಯುವುದಿಲ್ಲ? ಕಂಪನಿಯವರು ಪೂರ್ತಿ ಖಾಲಿ ಮಾಡಲೂ ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ. 2010ರ ಆ ಶೆವರ್ಲೆ ವೋಲ್ಟ್ ಕಾರಿನ ಬ್ಯಾಟರಿ 16 ಯೂನಿಟ್ಟಿನದ್ದು. ಬಳಕೆಗೆ ಬಿಟ್ಟದ್ದು ಸುಮಾರು 10 ಯೂನಿಟ್ ಮಾತ್ರ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಮುಟ್ಟದೆ ಇಟ್ಟರು. ಬೇಸಿಗೆಯಲ್ಲಿ ಬಾವಿಯ ತಳ ಕೆದಕದೆ ನಾವು ನೀರು ಎತ್ತುತ್ತೇವಲ್ಲ, ಅದೇ ಜಾಣತನ. ಇಂಥ ಕಾರಿನಲ್ಲಿ ಮೀಟರು ನೂರು ತೋರಿಸಿದರೂ ಒಳಗೆ ನಿಜವಾಗಿ ನೂರು ಇರುವುದಿಲ್ಲ. ಸ್ಕೂಟರುಗಳಲ್ಲಿ ಇಷ್ಟು ಜಾಗ ಬಿಟ್ಟಿರುತ್ತಾರೆ ಎಂದು ನಂಬಿ ಕೂರುವ ಹಾಗಿಲ್ಲ. ಅಲ್ಲಿ ನಾವೇ ಜಾಗ ಬಿಡಬೇಕು.

ಎರಡು ಜಾತಿ, ಎರಡು ಸ್ವಭಾವ

ಆಸಿಡ್ ಬ್ಯಾಟರಿ ಖಾಲಿಯಾದಾಗ ಸೀಸದ ತಗಡಿನ ಮೇಲೆ ಬಿಳಿ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಕೊಟ್ಟರೆ ಅದು ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಹರಳುಗಟ್ಟುತ್ತದೆ, ಮತ್ತೆ ಕರಗದು. ನನ್ನ ಸ್ಪ್ರೇಯರಿಗೆ ಆದದ್ದು ಇದೇ. ಆದ್ದರಿಂದ ಇದು ತುಂಬಿದ್ದಷ್ಟೂ ಒಳ್ಳೆಯದು. 2001ರಲ್ಲಿ ಬೆಂಗಳೂರಿನಲ್ಲಿ ಬಂದ ರೇವಾ ಕಾರು ಓಡುತ್ತಿದ್ದದ್ದು ಇಂಥ 8 ಆಸಿಡ್ ಬ್ಯಾಟರಿಗಳಲ್ಲೇ.

ಲಿಥಿಯಂ ಇದಕ್ಕೆ ತಿರುಗಾಮುರುಗಾ. ಪೂರ್ತಿ ತುಂಬಿದಾಗ ಒಳಗೆ ವೋಲ್ಟೇಜಿನ ಒತ್ತಡ ಹೆಚ್ಚು. ಹಾಗೇ ಇಟ್ಟರೆ ಒಳಗಿನ ದ್ರವ ನಿಧಾನಕ್ಕೆ ಕೆಟ್ಟು ಒಂದು ಪೊರೆ ದಪ್ಪವಾಗುತ್ತದೆ. ಆ ಪೊರೆಯಲ್ಲಿ ಸ್ವಲ್ಪ ಲಿಥಿಯಂ ಸಿಕ್ಕಿಕೊಂಡು ಕೆಲಸಕ್ಕಿಲ್ಲದೆ ಹೋಗುತ್ತದೆ. ಸೆಕೆ ಸೇರಿದರೆ ಈ ಕೆಲಸ ಇನ್ನೂ ಬೇಗ. ನಾನು ಕೊಟ್ಟದ್ದು ಎರಡನ್ನೂ: ಹೊಟ್ಟೆ ತುಂಬ ಊಟ, ಮೇಲೆ ತಗಡಿನ ಕಾವು.

ತಮಾಷೆಯೆಂದರೆ, ಅಳಿಯನ ಕಾರಿನಲ್ಲಿ ಎರಡೂ ಜಾತಿ ಇವೆ. ಓಡಿಸುವುದು ಲಿಥಿಯಂ. ಬಾಗಿಲು, ದೀಪ, ಕಂಪ್ಯೂಟರಿಗೆ ಬೇರೆ ಒಂದು ಚಿಕ್ಕ 12 ವೋಲ್ಟಿನ ಆಸಿಡ್ ಬ್ಯಾಟರಿ. ಕಾರು ತಿಂಗಳುಗಟ್ಟಲೆ ನಿಂತರೆ ಮೊದಲು ಸಾಯುವುದು ಈ ಚಿಕ್ಕದು. ಆಗ ದೊಡ್ಡದರಲ್ಲಿ ಚಾರ್ಜ್ ಇದ್ದೂ ಕಾರು ಏಳದು.

ಘಾಟಿಯ ಪಾಠ

ಘಾಟಿ ಇಳಿಯುವಾಗ ಮೋಟಾರು ತಿರುಗಿ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತದೆ. ಬ್ರೇಕಿನ ಸವೆತವೂ ಕಡಿಮೆ. ಆದರೆ ಘಾಟಿಯ ತಲೆಯಲ್ಲೇ ಬ್ಯಾಟರಿ ತುಂಬಿದ್ದರೆ? ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ಇಳಿಯುವ ಮೊದಲು ಸ್ವಲ್ಪ ಖಾಲಿ ಇರಬೇಕು. ಹತ್ತುವವರಿಗೆ ಮಾತ್ರ ತುಂಬಿಸಿ ಹೊರಡುವುದೇ ಸರಿ.

ನಾವು ಈಗ ಮಾಡುತ್ತಿರುವುದು

* ಸ್ಕೂಟರಿಗೆ ದಿನನಿತ್ಯಕ್ಕೆ 80ರವರೆಗೆ ಚಾರ್ಜ್. 20ಕ್ಕಿಂತ ಕೆಳಗೆ ಇಳಿಸುವುದಿಲ್ಲ. ದೂರ ಹೋಗುವ ದಿನ ಮಾತ್ರ ಪೂರ್ತಿ, ಅದೂ ಹೊರಡುವ ಹೊತ್ತಿಗೆ.
* ಓಡಿಸಿ ಬಂದ ಕೂಡಲೇ ಪ್ಲಗ್ ಹಾಕುವುದಿಲ್ಲ. ಬಿಸಿ ಆರಲಿ ಎಂದು ಅರ್ಧ ಗಂಟೆ ಬಿಡುತ್ತೇವೆ.
* ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅರ್ಧ ಚಾರ್ಜ್. ತಿಂಗಳಿಗೊಮ್ಮೆ ನೋಡುತ್ತೇವೆ. ಪೂರ್ತಿ ಖಾಲಿ ಇಟ್ಟರೆ ಲಿಥಿಯಂ ಕೂಡ ಸಾಯುತ್ತದೆ.
* ತಗಡಿನ ಮಾಡು ಬಿಟ್ಟು ಹಲಸಿನ ಮರದ ಬದಿಗೆ ಸೋಗೆಯ ಚಪ್ಪರ ಹಾಕಿದೆ.
* ಸ್ಪ್ರೇಯರ್, ಬೇಲಿ, ಇನ್ವರ್ಟರಿನ ಆಸಿಡ್ ಬ್ಯಾಟರಿಗಳಿಗೆ ಯಾವಾಗಲೂ ಪೂರ್ತಿ ಚಾರ್ಜ್. ಇನ್ವರ್ಟರಿಗೆ ಬ್ಯಾಟರಿ ನೀರು ನೋಡುತ್ತಾ ಇರಬೇಕು.

ಒಂದು ಮಾತು. ಲಿಥಿಯಂನಲ್ಲೂ ಒಳಜಾತಿ ಇವೆ. ಕಬ್ಬಿಣದ ಫಾಸ್ಫೇಟ್ ಇರುವ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸಿ ಎಂದು ಕೆಲವು ಕಂಪನಿಗಳೇ ಹೇಳುತ್ತವೆ, ಮೀಟರಿನ ಲೆಕ್ಕ ತಪ್ಪದಿರಲಿ ಎಂದು. ಹಾಗಾಗಿ ಗಾಡಿಯ ಜೊತೆ ಕೊಡುವ ಪುಸ್ತಕವನ್ನು ಮಕ್ಕಳಿಂದಲಾದರೂ ಓದಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ ಉಳಿದಿದೆ, ಅದು ಹೊಸ ಯಜಮಾನನ ಹೆಸರಿಗೆ ಬರುತ್ತದಾ ಎಂದು ಕಾಗದದಲ್ಲಿ ಕೇಳಿ. ಕಾರುಗಳಿಗೆ ಹಲವು ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಎನ್ನುತ್ತವೆ. ಯಾವುದು ಮೊದಲೋ ಅದು. ಒಂದು ಪೂರ್ತಿ ಚಾರ್ಜಿನಲ್ಲಿ ಎಷ್ಟು ಓಡುತ್ತದೆ ಎಂದು ನೀವೇ ಓಡಿಸಿ ನೋಡಿ.

ನಮ್ಮ ಸ್ಕೂಟರ್ 80ಕ್ಕೆ ವಾಪಸು ಬರಲಿಲ್ಲ, ಹೋದದ್ದು ಹೋಯಿತು. ಆದರೆ ಈಚಿನ ಒಂದು ವರ್ಷದಲ್ಲಿ 70ರಿಂದ ಕೆಳಗೂ ಇಳಿದಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಕೊಂಡುಹೋಗಲು, ಪೇಟೆಗೆ ಹೋಗಿ ಬರಲು ಅಷ್ಟು ಸಾಕು. ಬ್ಯಾಟರಿ ಬದಲಿಸದೆ ಸಾಲದ ಕಂತು ಮುಗಿದರೆ ನಾವು ಗೆದ್ದ ಹಾಗೆ.