ಪತ್ತಾಕ್‌ನ ಪವನಿನಲ್ಲಿ ಯಾರ ಮುಖ?

ಮದುವೆ, ಹಬ್ಬಗಳಲ್ಲಿ ಕೊಡವ ಹೆಂಗಳೆಯರ ಕೊರಳಲ್ಲಿ ಹೊಳೆಯುವ ಪತ್ತಾಕನ್ನು ಕಾಣದವರಿಲ್ಲ. ಮೇಲೆ ಹೆಡೆಯೆತ್ತಿದ ನಾಗ, ಸುತ್ತ ಕೆಂಪು ಹರಳು, ನಡುವೆ ದುಂಡನೆಯ ಚಿನ್ನದ ನಾಣ್ಯ. ಆದರೆ ಆ ನಾಣ್ಯದಲ್ಲಿರುವ ಮುಖ ಯಾರದು, ಇಸವಿ ಯಾವುದು ಎಂದು ಕೇಳಿದರೆ ಉತ್ತರಿಸುವವರು ವಿರಳ. ನಾಣ್ಯ ಸಂಗ್ರಹದ ಹವ್ಯಾಸ ಹಚ್ಚಿಕೊಳ್ಳಬೇಕೆಂಬ ಕೊಡಗಿನವರು ಮೊದಲ ಪಾಠಕ್ಕಾಗಿ ಪೇಟೆಗೆ ಹೋಗಬೇಕಿಲ್ಲ, ಮನೆಯ ಒಡವೆ ಪೆಟ್ಟಿಗೆ ತೆರೆದರೆ ಸಾಕು.

ಹಳೆಯ ಪತ್ತಾಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬ್ರಿಟಿಷರ ಸಾವರಿನ್, ಜನರ ಬಾಯಲ್ಲಿ ಪವನು. 22 ಕ್ಯಾರೆಟ್ ಚಿನ್ನ, ತೂಕ 8 ಗ್ರಾಂಗೆ ಕೂದಲೆಳೆಯಷ್ಟು ಕಡಿಮೆ. ವಿಕ್ಟೋರಿಯಾ ರಾಣಿಯ ಎಳೆಯ ಮುಖವಿದ್ದರೆ ಅದು 1887 ಅಥವಾ ಅದಕ್ಕೂ ಹಿಂದಿನದು. ತಲೆಯ ಮೇಲೆ ಪುಟ್ಟ ಕಿರೀಟವಿದ್ದರೆ 1887ರಿಂದ 1893ರ ನಡುವಿನದು. ಮುಸುಕು ಹೊದ್ದ ವೃದ್ಧೆಯಾದರೆ ಅದರ ನಂತರದ್ದು. ಹಿಂಬದಿಯಲ್ಲಿ ಬಹುತೇಕ ಸಂತ ಜಾರ್ಜ್ ಕುದುರೆಯೇರಿ ಘಟಸರ್ಪವನ್ನು ಸಂಹರಿಸುತ್ತಿರುತ್ತಾನೆ. ಭೂತಗನ್ನಡಿ ಹಿಡಿದು ನೋಡಿದರೆ, 1918ರ ಕೆಲವು ಪವನುಗಳಲ್ಲಿ ಇಸವಿಯ ಮೇಲೆ ಇಂಗ್ಲಿಷಿನ 'ಐ' ಅಕ್ಷರ ಕಾಣುತ್ತದೆ. ಇಂಡಿಯಾ ಎಂಬುದರ ಗುರುತು ಅದು. ಲಂಡನ್ ಟಂಕಸಾಲೆಯ ಮುಂಬೈ ಶಾಖೆ ಪವನು ಟಂಕಿಸಿದ್ದು ಆ ಒಂದೇ ಇಸವಿಯಲ್ಲಿ, ಸುಮಾರು 13 ಲಕ್ಷ. ಅಂಥದೊಂದು ಅಜ್ಜಿಯ ಪತ್ತಾಕ್‌ನಲ್ಲಿ ಕುಳಿತಿರಬಾರದೆಂದೇನೂ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ವೀರರಾಯ ಹಣ. ಅರ್ಧ ಗ್ರಾಮಿಗೂ ಕಡಿಮೆ ತೂಗುವ ಈ ಚಿನ್ನದ ಚೂರಿನ ಒಂದು ಬದಿಯಲ್ಲಿ ಹನ್ನೆರಡು ಚುಕ್ಕೆಗಳಿವೆ. ಹೆಸರು ಹಾಲೇರಿ ಅರಸರನ್ನು ನೆನಪಿಸಿದರೂ, ಇದು ಕೊಡಗಿನದೋ ಮಲಬಾರಿನದೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ತಾಮ್ರದಲ್ಲಿ ಟಿಪ್ಪುವಿನ ಆನೆ ಕಾಸು ಎದ್ದು ಕಾಣುತ್ತದೆ. ಕೊಡಗಿಗೆ ಅವನ ನೆನಪು ಕಹಿಯೇ, ಕಾಸು ಮಾತ್ರ ಸೊಗಸು. ಅವನ ಮೌಲೂದಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಹೊಸಬರು ಎಡವುವುದು ಇಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನ ಮೇಲೆ ಕನ್ನಡದಲ್ಲೇ 'ಮಯಿಲಿ ಕಾಸು' ಎಂದಿರುತ್ತದೆ. 1834ರಲ್ಲಿ ಕೊಡಗು ಕಂಪೆನಿಯ ವಶವಾಯಿತು. ಮರುವರ್ಷವೇ ಕಂಪೆನಿ ತನ್ನ ಸೀಮೆಗಳಿಗೆಲ್ಲ ಒಂದೇ ಬಗೆಯ ರೂಪಾಯಿ ತಂದಿತು.

ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಿಗೆ 1957ರಿಂದ 1964ರವರೆಗಿನ ನಯಾ ಪೈಸೆಗಳೇ ಒಳ್ಳೆಯ ಆರಂಭ. ಇಸವಿಯ ಕೆಳಗಿನ ಗುರುತು ಟಂಕಸಾಲೆಯನ್ನು ಹೇಳುತ್ತದೆ. ವಜ್ರಾಕೃತಿ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಂತರದ ನಾಣ್ಯಗಳಲ್ಲಿ ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿದಿದ್ದು, ಅವೂ ಈಗ ಸಂಗ್ರಹದ ಸರಕು.

ಹವ್ಯಾಸಿಗಳು ಮಾಡುವ ದೊಡ್ಡ ಅನಾಹುತವೆಂದರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ಶತಮಾನದ ಕಂದು ಪೊರೆ ಒಮ್ಮೆ ಕಳಚಿದರೆ ಮತ್ತೆ ಬಾರದು. ಕೊಡಗಿನ ಮಳೆಗಾಲದ ತೇವವಂತೂ ತಾಮ್ರಕ್ಕೆ ಶತ್ರು. ಅಗ್ಗದ ಪ್ಲಾಸ್ಟಿಕ್ ಚೀಲಗಳ ಬದಲು ಒಣ ಕಾಗದದ ಲಕೋಟೆಯಲ್ಲಿಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣ ಜೊತೆಗಿಡುವುದು ಕ್ಷೇಮ.

ತೋಟದಲ್ಲಿ ಗುಂಡಿ ತೋಡುವಾಗ ನಾಣ್ಯದ ಕುಡಿಕೆ ಸಿಕ್ಕರೆ ಅದು ಸಿಕ್ಕವರ ಸ್ವತ್ತಲ್ಲ, ನಿಧಿ ಕಾಯಿದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶದ ನೆಂಟರಿಗೆ ಕಳುಹಿಸುವುದಕ್ಕೂ 1972ರ ಪ್ರಾಚ್ಯವಸ್ತು ಕಾಯಿದೆಯ ತಡೆಯಿದೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ ಕೇಳುವವರು ವಂಚಕರೆಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಇದೆಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಅಕ್ಕಸಾಲಿಗರ ಮೂಸೆಯಲ್ಲಿ. ಹಳೆಯ ಪತ್ತಾಕ್ ಕರಗಿಸಿ ಹೊಸ ಮಾದರಿಯ ಒಡವೆ ಮಾಡಿಸಿದಾಗ ತೂಕಕ್ಕಷ್ಟೇ ಬೆಲೆ ಸಿಗುತ್ತದೆ. 1918ರ 'ಐ' ಅಕ್ಷರಕ್ಕೆ ಬಿಡಿಗಾಸೂ ಇಲ್ಲ. ಕರಗಿಸಲೇಬೇಕಿದ್ದರೂ ಮೊದಲು ನಾಣ್ಯದ ಎರಡೂ ಬದಿಯ ಫೋಟೋ ತೆಗೆದಿಡಬೇಕು. ಯಾವ ಒಕ್ಕದ್ದು, ಯಾರು ಯಾರಿಗೆ ಕೊಟ್ಟದ್ದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು, ಇಸವಿಯ ಜೊತೆ ಅದೇ ಪೆಟ್ಟಿಗೆಯಲ್ಲಿಡಬೇಕು.