ಮೂರು ಮೇಣದಬತ್ತಿ ಹಚ್ಚಿ ನೋಡಿ

ಮಕ್ಕಳಿಗೆ ತೋರಿಸಲು ವಿಜ್ಞಾನದ ಪ್ರಯೋಗ ಬೇಕೆಂದು ಯೂಟ್ಯೂಬಿನಲ್ಲಿ ಹುಡುಕುವ ಶಿಕ್ಷಕರಿಗೆ ಮತ್ತೆ ಮತ್ತೆ ಎದುರಾಗುವ ವಿಡಿಯೊ ಒಂದಿದೆ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ. ಅದರ ಮೇಲೆ ಗಾಜಿನ ಲೋಟ ಬೋರಲು ಹಾಕುತ್ತಾರೆ. ಉರಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಉರಿ ಆಮ್ಲಜನಕವನ್ನೆಲ್ಲ ಬಳಸಿಕೊಂಡಿತು, ತೆರವಾದ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ ಇದೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂಬ ವಿವರಣೆಯೂ ಜೊತೆಗಿರುತ್ತದೆ.

ಪ್ರಯೋಗ ನಿಜ. ವಿವರಣೆ ತಪ್ಪು.

ತಪ್ಪನ್ನು ಹಿಡಿಯಲು ಪದವಿ ಬೇಕಿಲ್ಲ, ಕಣ್ಣು ಸಾಕು. ಬತ್ತಿ ಉರಿಯುತ್ತಿರುವಷ್ಟು ಹೊತ್ತು ನೀರು ಹೆಚ್ಚೇನೂ ಏರುವುದಿಲ್ಲ. ಉರಿ ನಂದಿದ ಮೇಲೆ ಸರ್ರನೆ ಏರುತ್ತದೆ. ಆಮ್ಲಜನಕ ಖರ್ಚಾಗುವುದೇ ಕಾರಣವಾಗಿದ್ದರೆ ಉರಿಯುವಾಗಲೇ ನಿಧಾನವಾಗಿ ಏರಬೇಕಿತ್ತಲ್ಲವೇ? ಲೋಟ ಮುಚ್ಚಿದ ಕ್ಷಣದಲ್ಲಿ ಅದರ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಎಷ್ಟೋ ಸಲ ಕಾಣುತ್ತದೆ. ಅದೇ ಲೋಟದ ಕೆಳಗೆ ಒಂದರ ಬದಲು ಮೂರು ಬತ್ತಿ ಹಚ್ಚಿದರೆ ನೀರು ಇನ್ನೂ ಮೇಲೇರುತ್ತದೆ. ಲೋಟದ ಗಾಳಿಯಲ್ಲಿದ್ದ ಆಮ್ಲಜನಕ ಮಾತ್ರ ಮೊದಲಿನಷ್ಟೇ.

ನಡೆಯುವುದು ಇಷ್ಟು: ಉರಿಯ ಬಿಸಿಗೆ ಗಾಳಿ ಹಿಗ್ಗಿ ಒಂದಿಷ್ಟು ಹೊರಹೋಗುತ್ತದೆ. ಉರಿ ಆರಿದಾಗ ಒಳಗುಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಹೋಗಿರುತ್ತದೆ. ಬಳಕೆಯಾದ ಆಮ್ಲಜನಕವೂ ಮಾಯವಾಗಿರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯ ರೂಪದಲ್ಲಿ ಅಲ್ಲೇ ಇರುತ್ತದೆ. ಆ ಆವಿ ಲೋಟದ ಗೋಡೆಗೆ ಹನಿಯಾಗಿ ಕೂರುವುದರಿಂದಲೂ ನೀರು ಕೊಂಚ ಏರುತ್ತದೆ, ನಿಜ. ಆದರೆ ಮುಖ್ಯ ಕಾರಣ ಬಿಸಿ ಮತ್ತು ತಂಪು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅಂತರ್ಜಾಲದಲ್ಲಿ ಪ್ರಾಥಮಿಕ ವಿಜ್ಞಾನಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಕರ್ನಾಟಕದ ಪಠ್ಯಪುಸ್ತಕಗಳಲ್ಲೇ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣ ತೆರೆದುಕೊಳ್ಳುತ್ತದೆ. ಯಾವುದನ್ನು ಆರಿಸಬೇಕು ಎಂಬುದೇ ಈಗಿನ ಪ್ರಶ್ನೆ. ನನ್ನ ಅಳತೆಗೋಲು ಒಂದೇ: ವಿಡಿಯೊ ಮುಗಿದ ಮೇಲೆ ಮಗು ಎದ್ದು ಹೋಗಿ ಏನನ್ನಾದರೂ ಕೈಯಲ್ಲಿ ಹಿಡಿಯುತ್ತದೆಯೇ?

ಈ ಅಳತೆಯಲ್ಲಿ ಅರವಿಂದ ಗುಪ್ತ ಅವರ ಜಾಲತಾಣವನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಐಐಟಿ ಕಾನ್ಪುರದಲ್ಲಿ ಓದಿದ ಈ ಎಂಜಿನಿಯರ್ 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದ ಜೊತೆ ಹಳ್ಳಿ ಶಾಲೆಗಳಿಗೆ ಹೋದರು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ಆಕೃತಿಗಳನ್ನು ಕಟ್ಟುವುದನ್ನು ಕಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಸದಿಂದ ಮಾಡುವ ನೂರಾರು ಆಟಿಕೆಗಳ ಚಿತ್ರಗಳು, ಪುಟ್ಟ ವಿಡಿಯೊಗಳು, ಪುಸ್ತಕಗಳು ಅವರ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸ್ಟ್ರಾ ಪೀಪಿಯನ್ನೇ ನೋಡಿ. ಸ್ಟ್ರಾದ ಒಂದು ತುದಿಯನ್ನು ಹಲ್ಲಿನಲ್ಲಿ ಚಪ್ಪಟೆ ಮಾಡಿ, ಕತ್ತರಿಯಿಂದ ಎರಡೂ ಕಡೆ ಓರೆಯಾಗಿ ಕತ್ತರಿಸಿ ಚೂಪು ಮಾಡಿ, ತುಟಿಯ ನಡುವೆ ಇಟ್ಟು ಊದಿದರೆ ಸದ್ದು ಬರುತ್ತದೆ. ಊದುತ್ತಲೇ ಇನ್ನೊಂದು ತುದಿಯನ್ನು ಚೂರುಚೂರಾಗಿ ಕತ್ತರಿಸುತ್ತಾ ಹೋದರೆ ಸ್ವರ ಮೇಲೇರುತ್ತಾ ಹೋಗುತ್ತದೆ. ಒಳಗಿನ ಗಾಳಿಯ ಕಂಬ ಗಿಡ್ಡವಾದಷ್ಟೂ ಕಂಪನ ಹೆಚ್ಚು ಎಂಬುದನ್ನು ಕಿವಿಯೇ ಕಲಿಸುತ್ತದೆ. ಚೂಪು ಮಾಡಿದ ತುದಿ ಅದುರಿ ಸದ್ದು ಹುಟ್ಟುವುದನ್ನು ತುಟಿಯಲ್ಲೇ ಅರಿತ ಮಕ್ಕಳಿಗೆ, ನಾದಸ್ವರಕ್ಕೆ ಪೀಪಿ ಏಕೆ ಬೇಕು ಎಂದು ಬೇರೆ ಪಾಠ ಮಾಡಬೇಕಿಲ್ಲ.

ಕೈಗೆ ಸಿಗದ ವಿಷಯಗಳೂ ಇವೆ. ತಂತಿಯೊಳಗೆ ಏನು ಹರಿಯುತ್ತದೆ, ಮಂಜುಗಡ್ಡೆ ಕರಗುವಾಗ ಅಣುಗಳು ಏನು ಮಾಡುತ್ತವೆ ಎಂಬುದು ಕಣ್ಣಿಗೆ ಕಾಣದು. ಅಂಥ ಕಡೆ ಫೆಟ್ (PhET) ಎಂಬ ಜಾಲತಾಣದ ಚಲಿಸುವ ಮಾದರಿಗಳು ಒದಗುತ್ತವೆ. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ಪರದೆಯ ಮೇಲೆ ಬ್ಯಾಟರಿ, ಬಲ್ಬು, ತಂತಿಗಳನ್ನು ಎಳೆದು ಜೋಡಿಸಿದರೆ ಎಲೆಕ್ಟ್ರಾನುಗಳು ಚಲಿಸುವುದು ಕಾಣುತ್ತದೆ. ಆದರೂ ಮೊದಲು ನಿಜವಾದ ಸೆಲ್ಲು, ಟಾರ್ಚಿನ ಬಲ್ಬು, ಒಂದು ತುಂಡು ತಂತಿ ಕೊಡಿ. ಒಂದೇ ತಂತಿಯನ್ನು ಬಲ್ಬಿನ ಬುಡಕ್ಕೆ ಮುಟ್ಟಿಸಿದರೆ ಸಾಕೆಂದು ಎಷ್ಟೋ ಮಕ್ಕಳು, ದೊಡ್ಡವರೂ, ನಂಬಿರುತ್ತಾರೆ. ಬಲ್ಬು ಹತ್ತದೆ ತಲೆಕೆರೆದುಕೊಂಡ ಮಗುವಿಗೆ ಪರದೆಯ ಚಿತ್ರ ಉತ್ತರವಾಗುತ್ತದೆ. ತಲೆಕೆರೆದುಕೊಳ್ಳದ ಮಗುವಿಗೆ ಅದು ಬರೀ ಕಾರ್ಟೂನು.

ಶಾಲೆಯ ಅಂಗಳದಲ್ಲಿ ಹುಣಸೆ, ಹೊಂಗೆ ಅಥವಾ ಮಾವಿನ ಮರ ಇದ್ದರೆ ಸೀಸನ್‌ವಾಚ್ ನೋಡಿ. ಮಕ್ಕಳು ಒಂದು ಮರವನ್ನು ಆರಿಸಿಕೊಂಡು ಚಿಗುರು, ಹೂ, ಕಾಯಿಗಳನ್ನು ವಾರವಾರವೂ ದಾಖಲಿಸುವ ಯೋಜನೆ ಅದು. ಇಲ್ಲಿ ಜಾಲತಾಣ ಬರೀ ವಹಿ, ಪಾಠ ಇರುವುದು ಮರದಲ್ಲಿ.

ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಚಿಂತೆಯಿಲ್ಲ. ಫೆಟ್‌ನ ಹಲವು ಮಾದರಿಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ಇಂಟರ್ನೆಟ್ ಇಲ್ಲದೆಯೂ ನಡೆಸಬಹುದು. ಪೀಪಿಯ ವಿಡಿಯೊವನ್ನಂತೂ ಶಿಕ್ಷಕರೊಬ್ಬರು ನೋಡಿ ಬಂದರೆ ಇಡೀ ತರಗತಿಗೆ ಸಾಕು.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮೇಣದಬತ್ತಿ ಪ್ರಯೋಗವನ್ನು ತರಗತಿಗೆ ಒಯ್ಯುವ ಮುನ್ನ ಮನೆಯಲ್ಲಿ ಮೊದಲು ಒಂದು, ಆಮೇಲೆ ಮೂರು ಬತ್ತಿ ಹಚ್ಚಿ ನೋಡಿ. ತರಗತಿಯಲ್ಲಿ ಕಾರಣವನ್ನು ಮಕ್ಕಳೇ ಹುಡುಕಲಿ. ಅವರು ಹೇಳಿದ್ದನ್ನು ಕನ್ನಡದಲ್ಲೇ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿ. ತಪ್ಪು ವಿವರಣೆಯ ವಿಡಿಯೊಗಳ ನಡುವೆ ಸರಿಯಾದದ್ದೊಂದು ಕನ್ನಡದ ಮಕ್ಕಳಿಗೆ ಸಿಗಲಿ.